ಬೆಳ್ಳಿ ನೀರು

ಹೇಮಶ್ರೀಗೂ ಅವಳ ಓರಗಿತ್ತಿ ಧೃತಿಗೂ ಉಣ್ಣೆ ಹುಳ ಕಚ್ಚಿದ್ದು ಒಂದೇ ಪ್ರವಾಸದಲ್ಲಿ. ಮನೆಯವರೆಲ್ಲ ಕಾಡಂಚಿನ ರೆಸಾರ್ಟೊಂದಕ್ಕೆ ಹೋಗಿ ಬಂದಿದ್ದರು. ಧೃತಿ ತನ್ನ ಕಾಲಿನ ಮೇಲೆ ಕೆಂಪು ಬಳೆಯಂಥ ಕಲೆ ಕಂಡಕೂಡಲೇ ಡಾಕ್ಟರ ಹತ್ತಿರ ಹೋದಳು. ಉಣ್ಣೆ ಕಚ್ಚಿ ಬರುವ ಲೈಮ್ ರೋಗ ಎಂದರು. ಆಂಟಿಬಯಾಟಿಕ್ ಮುಗಿಸಿ ಹುಷಾರಾದಳು. ಹೇಮಶ್ರೀಗೆ ಕಲೆ ಎದ್ದದ್ದು ತೊಡೆಯ ಹಿಂಭಾಗದಲ್ಲಿ. ಅವಳ ಕಣ್ಣಿಗೆ ಬೀಳಲೇ ಇಲ್ಲ. ಮಂಡಿ ಊದಿಕೊಂಡು ರೋಗ ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಅವಳೂ ಅದೇ ಮಾತ್ರೆ ನುಂಗಿದಳು. ಊತ ಇಳಿಯಿತು. ನೋವು ಮತ್ತು ಸುಸ್ತು ಮಾತ್ರ ಹಾಗೇ ಉಳಿದವು.

"ರೋಗ ಹೋಗಿದೆ ಮೇಡಂ. ಈ ಸುಸ್ತು ಹೋಗೋಕೆ ಟೈಮ್ ಹಿಡಿಯುತ್ತೆ. ಸ್ವಲ್ಪ ತಾಳ್ಮೆ ಇರ್ಲಿ" ಎಂದರು ಡಾಕ್ಟರ್.

ಗಿರಿನಗರದ ಆ ಮನೆಯಲ್ಲಿ ಕೆಳಗೆ ಹೇಮಶ್ರೀ, ಅವಳ ಗಂಡ ಕೆಂಪರಾಜು ಮತ್ತು ಅತ್ತೆ ನಾರಾಯಣಮ್ಮ ಇದ್ದರು. ಮೇಲಿನ ಮಹಡಿಯಲ್ಲಿ ಮೈದುನ ಮೋಹಿತ್ ಮತ್ತು ಧೃತಿ. ಬೆಳಗಾದರೆ ಧೃತಿ ಶೂ ಹಾಕಿಕೊಂಡು ಓಡಲು ಹೊರಡುತ್ತಿದ್ದಳು. ಅವಳು ದಡದಡನೆ ಮೆಟ್ಟಿಲಿಳಿಯುವ ಸದ್ದು ಕೇಳಿದರೆ, ಗೋಡೆ ಹಿಡಿದು ಬಚ್ಚಲಿಗೆ ಹೊರಟ ಹೇಮಶ್ರೀಗೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ಕಚ್ಚಿದ್ದು ಇಬ್ಬರಿಗೂ ತಾನೇ? ಇವಳಿಗೆ ಮಾತ್ರ ಯಾಕೆ ವಾಸಿಯಾಗಬೇಕು?

"ಧೃತಿ ನೋಡು, ಹೆಂಗೆ ಗಟ್ಟಿಯಾದ್ಲು. ನೀನೂ ಸ್ವಲ್ಪ ಮನಸ್ಸು ಮಾಡ್ಬೇಕಮ್ಮ" ಎಂದು ನಾರಾಯಣಮ್ಮ ಒಮ್ಮೆ ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೇಮಶ್ರೀ ಮಾತ್ರ ಆ ದಿನ ಊಟ ಮಾಡಲಿಲ್ಲ.

ಬಿಟಿಎಂ ಲೇಔಟಿನಲ್ಲಿ ಶಿವರಾಮ್ ಎಂಬಾತ ನಡೆಸುತ್ತಿದ್ದ ಚಿಕಿತ್ಸಾ ಕೇಂದ್ರವನ್ನು ಅವಳು ಫೋನಿನಲ್ಲಿ ನೋಡಿದ್ದಳು. ಮನೆಯಲ್ಲಿ ಯಾರಿಗೂ ಹೇಳದೆ ಆಟೋ ಹತ್ತಿದಳು. ಆತ ಕೊಟ್ಟದ್ದು ಬೆಳ್ಳಿಯ ಕಣಗಳನ್ನು ಬೆರೆಸಿದ ನೀರು. "ಮಾತ್ರೆಗೆ ಸಾಯದ ಕ್ರಿಮಿ ಇದಕ್ಕೆ ಸಾಯುತ್ತೆ ಅಕ್ಕ" ಎಂದ. ಅವಳು ವರ್ಷಗಳಿಂದ ದಿನಾ ಬೆಳಗ್ಗೆ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆಯ ಜೊತೆಗೇ ಅದನ್ನೂ ಕುಡಿಯತೊಡಗಿದಳು.

ಮೊದಲ ಕೆಲವು ದಿನ ಮೈ ಹಗುರವಾದಂತೆ ಅನ್ನಿಸಿತು. ಅಷ್ಟೇ ಸಾಕಾಯಿತು. ಎಲ್ಲರೂ ಊಟಕ್ಕೆ ಕೂತಿದ್ದಾಗ, "ನನಗೆ ಬೇರೆ ಔಷಧಿ ಸಿಕ್ಕಿದೆ. ಬೇರು ಸಮೇತ ತೆಗೆಯುತ್ತಂತೆ. ಬರೀ ಮಾತ್ರೆ ತಗೊಂಡೋರಿಗೆ ಅದು ಯಾವತ್ತಾದ್ರೂ ತಿರುಗಿ ಬರುತ್ತೆ" ಎಂದುಬಿಟ್ಟಳು. ಧೃತಿಯ ಮುಖ ಸಣ್ಣಗಾಯಿತು. ಅದನ್ನು ನೋಡಿ ಹೇಮಶ್ರೀ ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡಳು.

ಆದರೆ ಬರಬರುತ್ತಾ ಕೂದಲು ಉದುರತೊಡಗಿತು. ದನಿ ಒಡೆಯಿತು, ಮೈ ಭಾರವಾಯಿತು, ಕೂತಲ್ಲೇ ತೂಕಡಿಕೆ. "ಕ್ರಿಮಿ ಸಾಯ್ತಾ ಇದೆ, ಅದಕ್ಕೇ ಹಾಗೆ. ಇನ್ನೊಂದು ಲೋಟ ಜಾಸ್ತಿ ಕುಡೀರಿ" ಎಂದ ಶಿವರಾಮ್. ಅವಳು ಜಾಸ್ತಿ ಕುಡಿದಳು. ಉಗುರುಗಳ ಬುಡ ನೀಲಿಗೆ ತಿರುಗಿತು. ಅದನ್ನು ಮುಚ್ಚಲು ಬಣ್ಣ ಹಚ್ಚಿದಳು. ಧೃತಿಯ ಮುಂದೆ ಸೋತೆ ಎನ್ನುವುದಕ್ಕಿಂತ ಅದು ಸುಲಭವಿತ್ತು.

ಒಂದು ಸಂಜೆ ಧೃತಿಯೇ ಕೆಳಗೆ ಬಂದಳು.

"ಅಕ್ಕ, ಅತ್ತೆಗೂ ಇನ್ನೂ ಹೇಳಿಲ್ಲ. ನಾನು ಪ್ರೆಗ್ನೆಂಟ್" ಎಂದಳು. ಆಮೇಲೆ ತಡವರಿಸಿದಳು. "ನೀವು ಅವತ್ತು ಹೇಳಿದ್ರಲ್ಲ, ತಿರುಗಿ ಬರುತ್ತೆ ಅಂತ. ಮಗೂಗೆ ಏನಾದ್ರೂ ಆದ್ರೆ ಅಂತ ಭಯ. ನಿಮ್ಮ ಔಷಧಿ ನನಗೂ ಸ್ವಲ್ಪ ಕೊಡ್ತೀರಾ?"

ಮದುವೆಯಾಗಿ ಎಷ್ಟೋ ವರ್ಷವಾದರೂ ಹೇಮಶ್ರೀಗೆ ಮಕ್ಕಳಾಗಿರಲಿಲ್ಲ. ಈಗ ಇದೂ ಇವಳಿಗೇ ಎಂದುಕೊಂಡಳು. ಎದ್ದು ಒಳಗಿನಿಂದ ಒಂದು ತುಂಬಿದ ಬಾಟಲಿ ತಂದು ಧೃತಿಯ ಕೈಗಿಟ್ಟಳು. "ಥ್ಯಾಂಕ್ಸ್ ಅಕ್ಕ" ಎಂದು ಧೃತಿ ಅದನ್ನು ಎದೆಗೊತ್ತಿಕೊಂಡು ಹೋದಳು.

ಹೇಮಶ್ರೀ ಅಡುಗೆಮನೆಗೆ ಹೋಗಿ ಬೇಳೆ ತೊಳೆಯಲು ನಿಂತಳು. ನೀರಿನಲ್ಲಿ ಅವಳ ಬೆರಳುಗಳು ಬೂದಿ ಬಣ್ಣಕ್ಕೆ ಕಂಡವು. ಬೇಳೆಯನ್ನು ಹಾಗೇ ಬಿಟ್ಟು, ಕಂಬಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುತ್ತಾ ಮಹಡಿ ಹತ್ತಿದಳು. ಧೃತಿ ಲೋಟಕ್ಕೆ ಬಗ್ಗಿಸಿಕೊಂಡಿದ್ದಳು.

"ಕುಡೀಬೇಡ" ಎಂದಳು ಹೇಮಶ್ರೀ. ಲೋಟ ಕಿತ್ತುಕೊಂಡು ಸಿಂಕಿಗೆ ಸುರಿದಳು.

"ಯಾಕೆ ಅಕ್ಕ? ಬೇರು ಸಮೇತ ತೆಗೆಯುತ್ತೆ ಅಂದ್ರಲ್ಲ."

"ಏನೂ ವಾಸಿ ಆಗಿಲ್ಲ. ಇನ್ನೂ ಹಾಳಾಗಿದೆ." ಉಗುರಿನ ಬಣ್ಣ ಕೆರೆದು ತೋರಿಸಿದಳು. "ನೀನು ಓಡೋದು ನೋಡಿ ನಂಗೆ ಸಹಿಸೋಕೆ ಆಗ್ತಿರ್ಲಿಲ್ಲ. ನಿನ್ನ ಹೆದರಿಸ್ಬೇಕು ಅಂತ್ಲೇ ಹಂಗಂದೆ."

ಧೃತಿ ಆ ಬೆರಳು ಹಿಡಿದು ನೋಡಿದಳು. "ಕೊಡುವಾಗ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು."

ಧೃತಿ ಅಪ್ಪಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಮರುದಿನ ಡಾಕ್ಟರ ಹತ್ತಿರ ಹೋಗುವಾಗ ಮಾತ್ರ, "ಬನ್ನಿ" ಎಂದು ಜೊತೆಗೆ ಕರೆದುಕೊಂಡು ಹೋದಳು. ಧೃತಿ ಸರಿಯಾಗಿ ಔಷಧಿ ಮುಗಿಸಿರುವುದರಿಂದ ಮಗುವಿನ ಬಗ್ಗೆ ಹೆದರಬೇಕಾದ್ದಿಲ್ಲ ಎಂದರು ಡಾಕ್ಟರ್. ಹೇಮಶ್ರೀಯ ರಕ್ತಪರೀಕ್ಷೆ ನೋಡಿ, ಬೆಳ್ಳಿಯಿಂದಾಗಿ ಥೈರಾಯ್ಡ್ ಮಾತ್ರೆ ಮೈಗೆ ಹಿಡಿದೇ ಇಲ್ಲ, ಕೂದಲು ಉದುರಿದ್ದು, ಈಚೆಗೆ ಹೆಚ್ಚಿದ ಸುಸ್ತು ಎಲ್ಲ ಅದರದ್ದೇ ಎಂದರು. ಉಗುರಿನ ನೀಲಿ ಬಹುಶಃ ಹೋಗುವುದಿಲ್ಲ ಎಂದೂ ಹೇಳಿದರು.

ಬೆಳ್ಳಿ ನೀರು ನಿಂತ ಮೇಲೆ ದನಿ ತಿರುಗಿ ಬಂತು. ನಿಧಾನವಾಗಿ ಮಂಡಿನೋವೂ ಕಡಿಮೆಯಾಯಿತು. ಧೃತಿ ಮೊದಲಿನಂತೆ ಬಂದು ಹರಟುವುದನ್ನು ನಿಲ್ಲಿಸಿದಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ನಾರಾಯಣಮ್ಮ ಬಸುರಿ ಸೊಸೆಗೆಂದು ತುಪ್ಪದಲ್ಲಿ ರವೆ ಉಂಡೆ ಕಟ್ಟುವಾಗ ಹೇಮಶ್ರೀಗೆ ಈಗಲೂ ಒಳಗೆ ಚುರುಕ್ಕೆನ್ನುತ್ತದೆ. ಡಬ್ಬಿಯನ್ನು ಮೇಲೆ ಒಯ್ದು ಕೊಟ್ಟು ಬರುವವಳು ಮಾತ್ರ ಅವಳೇ.