ಪದ್ಯದಲ್ಲಿಲ್ಲದ ಮಾತು

ಅಬುಧಾಬಿಯ ಕರಾವಳಿ ಕಲೋತ್ಸವದಲ್ಲಿ ಈ ಸಲ ತಾಳಮದ್ದಳೆ ಇಟ್ಟದ್ದೇ ತಡ, ವಾಟ್ಸಾಪ್ ಗುಂಪಿನಲ್ಲಿ ರಂಪ ಶುರುವಾಯಿತು. ಪುರಾಣದ ಅರ್ಥ ಹೇಳಲು ಬ್ಯಾರಿ ಮುಸ್ಲಿಮನೇ ಬೇಕಿತ್ತೇ, ನಮ್ಮವರು ಯಾರೂ ಸಿಗಲಿಲ್ಲವೇ ಎಂದು ಕೆಲವರು. ಎಸಿ ಕೋಣೆಯಲ್ಲಿ ಕೂತು ಸಂಸ್ಕೃತಿ ಕಾಯುವವರಿಗೆ ಬೇರೆ ಕೆಲಸವೇನು? ಸಮಿತಿಯ ಧರ್ಮಪಾಲ ಒಬ್ಬನೇ ಅವರನ್ನೆಲ್ಲ ತರಾಟೆಗೆ ತೆಗೆದುಕೊಂಡ. ಕೊನೆಗೆ, ಈ ಸಲ ಬಾವ ಕೂರಲಿ, ಮುಂದಿನ ವರ್ಷದ್ದನ್ನು ಸಭಿಕರ ಪ್ರತಿಕ್ರಿಯೆ ನೋಡಿ ಹೇಳೋಣ ಎಂದಾಯಿತು.

ಬಾವ ಎಂಬುದು ಆ ಬ್ಯಾರಿಯ ಹೆಸರು; ಹಮ್ದಾನ್ ಸ್ಟ್ರೀಟಿನಲ್ಲಿ ಅವನಿಗೆ ಪರದೆ ಬಟ್ಟೆಯ ಅಂಗಡಿ. ಊರಿನಲ್ಲಿ ಮೀಸೆ ಮೂಡುವ ಮೊದಲೇ ಅರ್ಥ ಹೇಳಿದವನು. ಎದುರಾಳಿಯ ಒಂದು ಮಾತನ್ನೂ ಉತ್ತರವಿಲ್ಲದೆ ಬಿಟ್ಟವನಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಕೂತಲ್ಲೇ ಮಾತಿನ ಜಗಳ. ಏನೇ ಆಡಿದರೂ ಪಾತ್ರವಾಗಿಯೇ ಆಡಬೇಕು.

ಮರದ ಮರೆಯಿಂದ ಬಾಣ ಬಿಟ್ಟ ಅರಸನ ಪಾತ್ರ ಧರ್ಮಪಾಲನದು. ಬಾಣ ತಿಂದು ಬಿದ್ದ ಕಪಿರಾಜನಾಗಿ ಬಾವ ಕೇಳತೊಡಗಿದ: "ನಿನಗೂ ನನಗೂ ಏನು ಹಗೆ? ಎದುರು ನಿಂತು ಯಾಕೆ ಹೊಡೆಯಲಿಲ್ಲ?" ಧರ್ಮಪಾಲ ಕೊಟ್ಟ ಸಮರ್ಥನೆ ಒಂದೂ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಹರಿಣಾಕ್ಷಿ, ಅವಳ ಪಕ್ಕ ದುಬೈಯಿಂದ ಬಂದ ನೆಂಟರು. ಯಾರೋ ಕಿಸಕ್ಕೆಂದರು. ಧರ್ಮಪಾಲನ ಮುಖ ಬಿಸಿಯಾಯಿತು.

"ನಮ್ಮ ಪುರಾಣವನ್ನು ನಮಗೇ ಕಲಿಸಲು ಬಂದೆಯಾ ನೀನು?" ಎಂದುಬಿಟ್ಟ.

ಅರಸನು ಕಪಿರಾಜನಿಗೆ ಆಡುವ ಮಾತೇ ಅಲ್ಲ ಅದು. ಧರ್ಮಪಾಲ ಬಾವನಿಗೇ ಅಂದದ್ದೆಂದು ಇಡೀ ಸಭೆಗೆ ತಿಳಿಯಿತು. ಜೋರಾಗಿ ಚಪ್ಪಾಳೆ ಬಿತ್ತು, ಹಿಂದಿನಿಂದ ಶಿಳ್ಳೆಯೂ ಬಂತು.

ಇನ್ನೂ ಎಷ್ಟೋ ಪದ್ಯಗಳಿದ್ದವು. ಬಾವ ಎಲ್ಲ ಬಿಟ್ಟು, ಸಾಯುವ ಕಪಿರಾಜನ ಕೊನೆಯ ಮಾತಿಗೇ ಹೋದ: "ನನ್ನ ಮಗನನ್ನು ನಿನಗೆ ಒಪ್ಪಿಸಿದ್ದೇನೆ. ನಿನ್ನವನೆಂದು ನೋಡಿಕೋ." ಭಾಗವತರು ಗಲಿಬಿಲಿಗೊಂಡು ಮಂಗಳ ಹಾಡಿದರು.

"ಒಂದೇ ಮಾತಿಗೆ ಖಲಾಸ್ ಮಾರಾಯ್ರೆ!" ಎಂದು ಧರ್ಮಪಾಲನ ಬೆನ್ನು ತಟ್ಟಿದವನು ಸುಜಿತ್, ವಾಟ್ಸಾಪ್ ಗುಂಪಿನಲ್ಲಿ ಬಾವನ ಮೇಲೆ ಎಲ್ಲರಿಗಿಂತ ಹೆಚ್ಚು ವಿಷ ಕಾರಿದವನು. ಧರ್ಮಪಾಲನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇವರ ಬಾಯಿ ಮುಚ್ಚಿಸಲು ಹೊರಟವನು ಇವರ ಮಾತನ್ನೇ ಮೈಕಿನಲ್ಲಿ ಆಡಿದ್ದ.

ವೇದಿಕೆಯ ಬದಿಯಲ್ಲಿ ಬಾವ ಶಾಲು ಮಡಚುತ್ತಿದ್ದ.

"ಬಾವಾಕ, ತಪ್ಪಾಯ್ತು. ಸೋಲ್ತಾ ಇದ್ದೆ, ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಈಗ್ಲೇ ಎಲ್ಲರ ಎದುರು ಕ್ಷಮೆ ಕೇಳ್ತೇನೆ. ಬರುವ ವರ್ಷವೂ ನೀವು ಬರ್ಬೇಕು."

"ಬೇಡ ಧರ್ಮಣ್ಣ, ನಾನಿನ್ನು ಬರುದಿಲ್ಲ." ಬಾವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮಾತು ತಪ್ಪುದು ಎಲ್ಲರಿಗೂ ಉಂಟು, ನನಗೂ ತಪ್ಪಿದ್ದುಂಟು. ಆದ್ರೆ ಚಪ್ಪಾಳೆ ಬೀಳುವಾಗ ನೀವು ನೆಗಾಡಿದ್ರಿ."

ಇಲ್ಲ ಎನ್ನಲು ಹೊರಟ ಧರ್ಮಪಾಲನಿಗೆ, ಚಪ್ಪಾಳೆ ಕೇಳಿದಾಗ ಎದೆ ಎಷ್ಟು ಹಗುರವಾಗಿತ್ತೆಂಬುದು ನೆನಪಾಯಿತು. ಅವನು ನಕ್ಕಿದ್ದ.