ಹಾಲುಹಲ್ಲಿನ ಹಿಂದಿನ ಸೀಟು

ಹಲ್ಲಿನ ಡಾಕ್ಟರು ತೀರಿಕೊಂಡ ಸುದ್ದಿ ಬಂದಾಗ ಪ್ರೂಫಜ್ಜ ಒಂದು ಚಪ್ಪಲಿಯ ವಿಷಯ ಬರೆಯುತ್ತಿದ್ದರು.

ಅದು ಹಾಯಿದೋಣಿ ಕ್ಲಬ್ಬಿನ ಸುದ್ದಿಪತ್ರ ತಯಾರಾಗುವ ದಿನ. ಕೆರೆಯ ದಂಡೆಯ ದೋಣಿಮನೆಯಲ್ಲಿ, ಒದ್ದೆ ಹಗ್ಗದ ವಾಸನೆಯ ನಡುವೆ, ಕಿಟಕಿಯ ಪಕ್ಕದ ಮೇಜು ಅವರದು. ಆಯುಷ್ಯವೆಲ್ಲ ಛಾಪಖಾನೆಯಲ್ಲಿ ಅಚ್ಚಿನ ತಪ್ಪು ತಿದ್ದಿದವರು. ನಿವೃತ್ತರಾದ ಮೇಲೂ ಅಂಗಡಿಯ ಬೋರ್ಡಿನಲ್ಲಿ ಒಂದು ಕೊಂಬು ತಪ್ಪಿದ್ದರೆ ಅವರ ಕೈ ಜೇಬಿನ ಪೆನ್ಸಿಲ್ಲಿಗೆ ಹೋಗುತ್ತಿತ್ತು. ಅದಕ್ಕೇ ಮಕ್ಕಳು ಇಟ್ಟ ಹೆಸರು ಪ್ರೂಫಜ್ಜ. ತಿಂಗಳಿಗೊಮ್ಮೆ ಸದಸ್ಯರಿಗೆ ಹಂಚುವ ಆ ಒಂದು ಹಾಳೆಗೆ ಸುದ್ದಿ ಬರೆಯುವುದು ಅವರ ಕೆಲಸ.

"ಒದ್ದೆ ಹಾಯಿಯನ್ನು ಮಡಚಿಡಬೇಡಿ, ಬೂಸ್ಟು ಹಿಡಿಯುತ್ತದೆ. ದೋಣಿಮನೆಯ ಬಾಗಿಲು ಈಗ ಕಿರುಗುಟ್ಟುವುದಿಲ್ಲ. ಎಣ್ಣೆ ಹಾಕಿದ ಪುಣ್ಯಾತ್ಮರಿಗೆ ವಂದನೆ. ಎಡಗಾಲಿನ ಒಂದು ಚಪ್ಪಲಿ ಸಿಕ್ಕಿದೆ. ಕಳೆದುಕೊಂಡವರು ಬಲಗಾಲಿನದನ್ನು ತೋರಿಸಿ ಪಡೆಯಬಹುದು." ಬರಹ ಇಲ್ಲಿಗೆ ಬಂದಿತ್ತು. ಕೆಳಗೆ ಬಿಟ್ಟ ಖಾಲಿ ಜಾಗ ಭಾವನದು.

ಭಾವ ಎಂದರೆ ಅಕ್ಕನ ಗಂಡ, ಊರಿನ ಹಲ್ಲಿನ ಡಾಕ್ಟರು. ಹಾಯಿದೋಣಿ ನಡೆಸುವುದರಲ್ಲಿ ಎತ್ತಿದ ಕೈ. ಹಾಳೆಯ ಕೊನೆಗೆ ಬರುವ 'ಕಿವಿಮಾತು' ಅವರದೇ, ಆದರೆ ಆ ಮನುಷ್ಯ ಒಂದು ಸಾಲನ್ನೂ ಬರೆದವರಲ್ಲ. ಸಂಜೆ ದವಾಖಾನೆ ಮುಚ್ಚಿ ಬಂದು, ಮೇಜಿನ ಮೂಲೆಯ ಮೇಲೆ ಕುಳಿತು ಹೇಳುತ್ತಿದ್ದರು, ಪ್ರೂಫಜ್ಜ ಬರೆದುಕೊಳ್ಳುತ್ತಿದ್ದರು.

"ಚುಕ್ಕಾಣಿನ ಕೋಳಿಮರಿ ಹಿಡಿದ ಹಾಗೆ ಹಿಡೀಬೇಕು. ಬಿಗಿ ಹಿಡಿದ್ರೆ ಸಾಯತ್ತೆ, ಸಡಿಲ ಬಿಟ್ರೆ ಓಡತ್ತೆ. ಬರ್ಕೊ."

"ಹೋದ ತಿಂಗಳೂ ಇದನ್ನೇ ಹೇಳಿದ್ರಿ, ಭಾವ."

"ಹೋದ ತಿಂಗಳು ಓದಿದೋರು ಇಷ್ಟೊತ್ತಿಗೆ ಮರ್ತಿರ್ತಾರೆ. ಹಲ್ಲುಜ್ಜಿ ಅಂತ ಒಂದ್ಸಲ ಹೇಳಿದ್ರೆ ಸಾಕಾಗಿದ್ರೆ ನನ್ನ ದವಾಖಾನೆಗೆ ಯಾರಯ್ಯಾ ಬರ್ತಿದ್ರು?"

ಆ ತಿಂಗಳು ಮಾತ್ರ ಅವರು ಬೇರೆ ರಾಗ ತೆಗೆದಿದ್ದರು. "ಈ ಸಲದ ಕಿವಿಮಾತು ಮೇಜಿನ ಹತ್ರ ಹೇಳೋದಲ್ಲ. ನೀರಿನ ಮೇಲೆ ಹೇಳ್ತೀನಿ, ನೀನು ಹಿಂದಿನ ಸೀಟಲ್ಲಿ ಕೂತಾಗ. ಜಾಗ ಬಿಟ್ಟಿರು."

"ನಾನು ಹಿಂದೆ ಕೂರೋದಾ? ದೋಣಿ ಮಗುಚಿದ್ರೆ?"

"ಮಗುಚಿದ್ರೆ ಸ್ನಾನ ಆಯ್ತು ಅನ್ಕೋ."

ಅವರ ದೋಣಿಗೆ 'ಹಾಲುಹಲ್ಲು' ಎಂದು ಹೆಸರು. ಬೆಳ್ಳಗೆ ಚಿಕ್ಕದಾಗಿ, ಇಬ್ಬರು ಕೂರುವಷ್ಟೇ ಇತ್ತು. ಹಿಂದೆ ಕೂತವರು ಚುಕ್ಕಾಣಿ ಮತ್ತು ದೊಡ್ಡ ಹಾಯಿ ನೋಡಿಕೊಳ್ಳಬೇಕು, ಮುಂದೆ ಕೂತವರು ಚಿಕ್ಕ ಹಾಯಿಯ ಹಗ್ಗ ಎಳೆಯಬೇಕು. ಅಕ್ಕನ ಮದುವೆಯಾದ ವರ್ಷ ಭಾವಮೈದನನ್ನು ಮುಂದೆ ಕೂರಿಸಿದ್ದರು. ತಲೆ ನರೆತರೂ ಆ ಜಾಗ ಬದಲಾಗಿರಲಿಲ್ಲ. ದೋಣಿ ತಿರುಗಿಸುವ ಮೊದಲು ಭಾವ "ತಿರುಗೋಣ್ವಾ?" ಎನ್ನಬೇಕು, ಇವರು "ಆಯ್ತು!" ಎನ್ನಬೇಕು. ಮರುಮಾತು ಬಾರದೆ ತಿರುಗಿಸುವ ಹಾಗಿಲ್ಲ. "ಮನೇಲೂ ಇದೇ ಪದ್ಧತಿ ಇದ್ದಿದ್ರೆ ಚೆನ್ನಾಗಿತ್ತು, ನನ್ನ ಕೇಳದೆ ಸೋಫಾ ತಿರುಗಿಸ್ತಾರೆ" ಎಂದು ಅಕ್ಕ ಗೊಣಗುತ್ತಿದ್ದಳು.

ಚಪ್ಪಲಿಯ ಸಾಲಿಗೆ ಪ್ರೂಫಜ್ಜ ಪೂರ್ಣವಿರಾಮ ಇಡುವಾಗ ದವಾಖಾನೆಯ ನರ್ಸು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಡಾಕ್ಟರ ಕನ್ನಡಕವಿತ್ತು.

"ಅಜ್ಜ, ಊಟ ಆದ್ಮೇಲೆ ಡಾಕ್ಟ್ರು ರೋಗಿಗಳ ಕುರ್ಚೀಲೇ ಮಲಗಿದ್ರು. ದಿನಾ ಮಲಗ್ತಾರಲ್ಲ, ಹಾಗೇನೆ. ಎಬ್ಬಿಸೋಕೆ ಹೋದೆ..." ಅವಳು ಕನ್ನಡಕವನ್ನು ಮೇಜಿನ ಮೇಲಿಟ್ಟಳು.

ಊರಿನ ಗಟ್ಟಿಗರೂ ಕಂಡರೆ ಬೆವರುವ ಆ ಕುರ್ಚಿಯಲ್ಲಿ ಗೊರಕೆ ಹೊಡೆಯುವ ಧೈರ್ಯ ಭಾವ ಒಬ್ಬರಿಗೇ ಇತ್ತು. ಅಲ್ಲೇ, ಯಾರಿಗೂ ತೊಂದರೆ ಕೊಡದೆ, ಹೊರಟುಬಿಟ್ಟಿದ್ದರು. ಪ್ರೂಫಜ್ಜ ಪೆನ್ಸಿಲನ್ನು ಕೆಳಗಿಟ್ಟರು. ದೇವರೇ ಎನ್ನಲು ಬಾಯಿ ತೆರೆದರು. ಬದುಕಿನಲ್ಲಿ ಒಂದು ದಿನವೂ ಪ್ರಾರ್ಥನೆ ತಪ್ಪಿಸದ ಆ ಬಾಯಿಗೆ ಅಂದು ಮಾತು ಬರಲಿಲ್ಲ.

ಅಂತ್ಯಕ್ರಿಯೆ ಮುಗಿಯಿತು. ಬಂದ ನೆಂಟರು ಹೋದರು. ಹಾಳೆ ಮಾತ್ರ ಮೇಜಿನ ಮೇಲೇ ಇತ್ತು.

ಕ್ಲಬ್ಬಿನಲ್ಲಿ ಒಂದು ಹಳೆಯ ನಡವಳಿಕೆ ಇದೆ. ಸದಸ್ಯರೊಬ್ಬರು ತೀರಿಕೊಂಡರೆ, ಮುಂದಿನ ಭಾನುವಾರ ಮೊದಲು ನೀರಿಗಿಳಿಯುವುದು ಅವರ ದೋಣಿ. ಜೊತೆಗಾರನು ಅದನ್ನು ಕೆರೆಯ ನಡುವೆ ತೇಲುವ ಕೆಂಪು ಪೀಪಾಯಿಯ ಸುತ್ತ ಒಂದು ಸುತ್ತು ತರಬೇಕು. ಅಲ್ಲಿಯವರೆಗೆ ಬೇರೆ ದೋಣಿ ಇಳಿಯುವುದಿಲ್ಲ. ಸುತ್ತು ಬಾರದ ದೋಣಿಯನ್ನು ದಂಡೆಯಲ್ಲಿ ಕವಚಿ ಇಡುತ್ತಾರೆ. ಮತ್ತೆ ಅದನ್ನು ನೀರಿಗಿಳಿಸುವುದಿಲ್ಲ.

ಶನಿವಾರ ಸಂಜೆ ಕ್ಲಬ್ಬಿನ ಕಾರ್ಯದರ್ಶಿ ಅಕ್ಕನ ಮನೆಗೆ ಬಂದಳು. ಸೈಕಲ್ ಅಂಗಡಿ ನಡೆಸುವ ಗಟ್ಟಿ ಹೆಂಗಸು, ಆದರೆ ಅಂದು ದನಿ ಮೆತ್ತಗಿತ್ತು.

"ಅಜ್ಜ, ನೀವು ಚುಕ್ಕಾಣಿ ಹಿಡಿದೋರಲ್ಲ. ನಾನು ಹಿಂದೆ ಕೂತ್ಕೋತೀನಿ. ನೀವು ನಿಮ್ಮ ಜಾಗದಲ್ಲೇ ಇರಿ. ಯಾರೂ ತಪ್ಪು ತಿಳ್ಕೊಳಲ್ಲ."

ಪ್ರೂಫಜ್ಜನಿಗೆ ಹೋದ ಜೀವ ಬಂದಂತಾಯಿತು. ಹೂಂ ಎನ್ನುವಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು.

"ಬೇಡಮ್ಮ. ಇವನೇ ಹೋಗ್ಲಿ."

"ಅಕ್ಕ, ನನಗೆ ಬರಲ್ಲ. ಎಲ್ಲರ ಮುಂದೆ ಭಾವನ ಮರ್ಯಾದೆ ಮುಳುಗಿಸಿಬಿಡ್ತೀನಿ."

"ಪುಟ್ಟಾ," ಎಂದಳು ಅಕ್ಕ. ಎಪ್ಪತ್ತು ದಾಟಿದ ತಮ್ಮ ಅವಳಿಗೆ ಇನ್ನೂ ಪುಟ್ಟನೇ. "ಅವ್ರು ಏನ್ ಹೇಳ್ತಿದ್ರು ಗೊತ್ತಾ? 'ಈ ವರ್ಷ ನಿನ್ನ ತಮ್ಮನ್ನ ಹಿಂದೆ ಕೂರಿಸ್ತೀನಿ. ಇಲ್ಲಾಂದ್ರೆ ನಾನು ಹೋದ್ಮೇಲೆ ದೋಣಿ ದಡದಲ್ಲೇ ಕೂರತ್ತೆ, ಇವನು ಅದರ ಪಕ್ಕದಲ್ಲಿ ಕೂರ್ತಾನೆ' ಅಂತ. ನಾನು ಇಬ್ಬರನ್ನ ಕಳ್ಕೊಳೋಕೆ ತಯಾರಿಲ್ಲ ಕಣೋ."

ಪ್ರೂಫಜ್ಜ ಕಾರ್ಯದರ್ಶಿಯ ಕಡೆ ತಿರುಗಿ, ನಾಳೆ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿದರು.

ಭಾನುವಾರ ಬೆಳಿಗ್ಗೆ ದಂಡೆಯ ತುಂಬ ಜನ. ಮೆಲುಗಾಳಿ ಇತ್ತು, ಒಬ್ಬರೇ ಆದ್ದರಿಂದ ಚಿಕ್ಕ ಹಾಯಿ ಏರಿಸುವುದು ಬೇಡವೆಂದು ಕಾರ್ಯದರ್ಶಿ ಹೇಳಿದ್ದಳು. ಅಕ್ಕ ಬಂದು ತಮ್ಮನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಶಾಲೆಗೆ ಕಳಿಸುವ ಮಗುವಿನ ಗುಂಡಿ ಹಾಕುವಂತೆ ಬಿಗಿದಳು. ಪ್ರೂಫಜ್ಜ ಮಂಡಿಯುದ್ದ ನೀರಿನಲ್ಲಿ ನಡೆದು, ದೋಣಿಯನ್ನು ತಳ್ಳಿ, ಹತ್ತಿ ಕುಳಿತರು.

ಕೂತದ್ದು ಮುಂದೆ.

ಅಭ್ಯಾಸ ಎಂಬುದು ಅಂಥದ್ದು. ಅವರ ಎಡಗೈ ಚಿಕ್ಕ ಹಾಯಿಯ ಹಗ್ಗಕ್ಕೆ ತಡಕಾಡಿತು, ಹಗ್ಗ ಇರಲಿಲ್ಲ. ಭಾವ ಹಿಂದೆ ಹತ್ತಿ ಕೂತಾಗ ದೋಣಿ ಒಮ್ಮೆ ಕುಗ್ಗುತ್ತದಲ್ಲ, ಆ ಕುಗ್ಗುವಿಕೆಗಾಗಿ ಅವರು ಕಾದರು. ದೋಣಿ ಕುಗ್ಗಲಿಲ್ಲ. ಆಗ ಹಿಂತಿರುಗಿ ನೋಡಿದರೆ, ಖಾಲಿ ಸೀಟಿನ ಮೇಲೆ ಚುಕ್ಕಾಣಿಯ ಕೋಲು ತನ್ನಷ್ಟಕ್ಕೆ ತೂಗುತ್ತಿತ್ತು.

"ಅಜ್ಜ! ಹಿಂದೆ! ಹಿಂದೆ ಕೂತ್ಕೊಳಿ!" ದಂಡೆಯಿಂದ ಕೂಗು ಬಂತು.

ಈಗ ಮಗುಚುತ್ತದೆ, ಈಗ ಕಲ್ಲಿಗೆ ಬಡಿಯುತ್ತದೆ ಎಂದು ಅವರು ಅಂಚು ಹಿಡಿದು ಕೂತರು. ಹಾಲುಹಲ್ಲು ಎರಡನ್ನೂ ಮಾಡಲಿಲ್ಲ. ಮೇಯಲು ಬಿಟ್ಟ ಹಸು ಮನೆಯ ದಾರಿ ಹಿಡಿಯುವಂತೆ, ನಿಧಾನವಾಗಿ ತಾನೇ ತಿರುಗಿ, ಗಾಳಿ ಬರುವ ಕಡೆಗೆ ಮುಖ ಕೊಟ್ಟು ನಿಂತಿತು. ಹಾಯಿ ಒಗೆದ ಬಟ್ಟೆಯ ಹಾಗೆ ಪಟಪಟ ಎಂದಿತು, ಅಷ್ಟೆ. ಹಿಡಿಯುವವರಿಲ್ಲದ ದೋಣಿ ಮುಳುಗಲಿಲ್ಲ. ನಿಂತು ಕಾಯಿತು.

ಪ್ರೂಫಜ್ಜನಿಗೆ ಮೊದಲು ನಗು ಬಂತು. ಅದರ ಹಿಂದೆಯೇ, ಅಷ್ಟು ದಿನ ಬಾರದ ಅಳು ಬಂತು. ನಡುನೀರಿನಲ್ಲಿ ಅಳುವುದರಲ್ಲಿ ಒಂದು ಅನುಕೂಲ ಇದೆ: ಮುಖ ಒದ್ದೆಯಾದರೆ ಯಾರೂ ಕಾರಣ ಕೇಳುವುದಿಲ್ಲ. ಕೈಬಿಟ್ಟರೂ ದೋಣಿ ನಿಂತು ಕಾಯುತ್ತದೆ: ಭಾವ ನೀರಿನ ಮೇಲೇ ಹೇಳುತ್ತೇನೆ ಎಂದದ್ದು ಇದನ್ನೇ ಎಂದು ಅವರಿಗೆ ತೋರಿತು. ಅಲ್ಲದಿದ್ದರೂ ಸರಿ, ಭಾವನ ಕಡೆಯಿಂದ ತಮಗೆ ಸಿಕ್ಕಿದ್ದು ಇದೇ.

ಅವರು ಬಗ್ಗಿ, ಹಲಗೆ ಹಿಡಿದು, ಹಿಂದಿನ ಸೀಟಿಗೆ ಬಂದು ಕೂತರು. ಭಾವ ಮಾಡುತ್ತಿದ್ದುದನ್ನು ಇಷ್ಟು ವರ್ಷ ಕತ್ತು ತಿರುಗಿಸಿ ಭುಜದ ಮೇಲಿಂದ ನೋಡಿದ್ದೇ ಪಾಠವಾಯಿತು. ಹಾಯಿಯ ಕೆಳಅಂಚಿನ ಅಡ್ಡಮರವನ್ನು ಕೈಯಿಂದ ಒಂದು ಬದಿಗೆ ತಳ್ಳಿ ಹಿಡಿದರು. ದೋಣಿಯ ಮೂತಿ ಮೆಲ್ಲಗೆ ಹೊರಳಿತು. ಮರ ಬಿಟ್ಟು ಹಗ್ಗ ಎಳೆದರು. ಹಾಯಿ ತುಂಬಿಕೊಂಡಿತು. ಚುಕ್ಕಾಣಿ ಅಂಗೈಯಲ್ಲಿ ನಿಜವಾಗಿಯೂ ಕೋಳಿಮರಿಯಂತೆ ಮಿಸುಕಾಡುತ್ತಿತ್ತು. ಅವರು ಅದನ್ನು ಬಿಗಿ ಹಿಡಿಯಲಿಲ್ಲ.

ದಾರಿ ಹಾವು ಹರಿದಂತೆ ಡೊಂಕಾಯಿತು. ಆದರೂ ಕೆಂಪು ಪೀಪಾಯಿ ಹತ್ತಿರ ಬಂತು, ಪಕ್ಕಕ್ಕೆ ಬಂತು. ಇನ್ನು ತಿರುಗಿಸಬೇಕು. ಕೈ ತಡೆಯಿತು. ಮರುಮಾತು ಬಾರದೆ ತಿರುಗಿಸುವ ಹಾಗಿಲ್ಲವಲ್ಲ!

"ತಿರುಗೋಣ್ವಾ, ಭಾವ?" ಎಂದು ಪ್ರೂಫಜ್ಜ ಗಟ್ಟಿಯಾಗಿ ಕೇಳಿದರು.

ಮುಂದಿನ ಸೀಟು ಖಾಲಿ ಇತ್ತು. ಅವರು ಒಂದು ಉಸಿರು ಕಾದರು. ಆಮೇಲೆ, ತಾವು ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತನ್ನೇ ಹೇಳಿದರು.

"ಆಯ್ತು!"

ಹಾಲುಹಲ್ಲು ಪೀಪಾಯಿಯನ್ನು ಸುತ್ತಿತು. ದೋಣಿಯ ಪಕ್ಕೆ ಒಮ್ಮೆ ಪೀಪಾಯಿಯನ್ನು ಸವರಿತು ಎಂದು ಕೆಲವರು ಹೇಳುತ್ತಾರೆ. ಕಾರ್ಯದರ್ಶಿ ಆ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ದಂಡೆಗೆ ಬಂದಾಗ ಅಕ್ಕ ಸೀರೆಯ ಅಂಚು ಒದ್ದೆಯಾಗುವುದನ್ನೂ ನೋಡದೆ ನೀರಿಗಿಳಿದು ದೋಣಿಯ ಮೂತಿ ಹಿಡಿದಳು.

"ಯಾರ ಜೊತೆನೋ ಮಾತಾಡ್ತಿದ್ದೆ ಅಲ್ಲಿ?"

"ಕೇಳಿಸ್ತಾ?"

"ನೀರಿನ ಮೇಲೆ ಪಿಸುಮಾತೂ ಕೇಳತ್ತೆ. ನೀನು ಕಿರುಚಿದ್ದೆ." ಅವಳು ಮೂಗು ಒರೆಸಿಕೊಂಡು ಖಾಲಿ ಮುಂದಿನ ಸೀಟನ್ನು ನೋಡಿದಳು. "ಮುಂದಿನ ವಾರ ಅಲ್ಲಿ ನಾನು ಕೂರ್ತೀನಿ. ನನ್ನನ್ನಂತೂ ಕೇಳದೆ ತಿರುಗಿಸ್ಬೇಡ."

ಅಂದು ಮಧ್ಯಾಹ್ನ ಪ್ರೂಫಜ್ಜ ದೋಣಿಮನೆಯ ಮೇಜಿಗೆ ಬಂದು ಕೂತರು. ಚಪ್ಪಲಿಯ ಸುದ್ದಿಯ ಕೆಳಗೆ, ಖಾಲಿ ಉಳಿದ ಜಾಗದಲ್ಲಿ ಹೀಗೆ ಬರೆದರು:

"ಕಿವಿಮಾತು. ಕೈಮೀರಿತು ಅನಿಸಿದಾಗ ಹಗ್ಗ ಬಿಡಿ, ಚುಕ್ಕಾಣಿ ಬಿಡಿ, ಸುಮ್ಮನೆ ಕೂತಿರಿ. ದೋಣಿ ತಾನೇ ಗಾಳಿಗೆ ಮುಖ ಕೊಟ್ಟು ನಿಂತು ನಿಮಗಾಗಿ ಕಾಯುತ್ತದೆ. ಹೇಳಿದವರು: ಹಲ್ಲಿನ ಡಾಕ್ಟರು."

ಎಂದಿನಂತೆ ತಪ್ಪು ಹುಡುಕಲು ಮತ್ತೊಮ್ಮೆ ಓದಿದರು. ತಿದ್ದುವಂಥದ್ದು ಏನೂ ಇರಲಿಲ್ಲ. ಕೆಳಗೆ ಇನ್ನೂ ಸ್ವಲ್ಪ ಜಾಗ ಮಿಕ್ಕಿತ್ತು. ಅಂದು ಬಾಗಿಲಲ್ಲಿ ನರ್ಸು ನಿಂತಾಗ ಬಾಯಿಗೆ ಬಾರದೆ ಹೋದ ಮಾತು ಈಗ ತಾನಾಗಿ ಬಂತು. ಅವರು ಕೈಮುಗಿದು, ಆಮೇಲೆ ಬರೆದರು:

"ದಯಾಮಯನೇ, ಎಲ್ಲವನ್ನೂ ಕೈಬಿಟ್ಟು ನಿನ್ನ ಕಡೆಗೆ ಮುಖ ತಿರುಗಿಸಿ ನಿಂತ ನಮ್ಮ ಭಾವನನ್ನು ನಿನ್ನ ದಂಡೆಗೆ ಬರಮಾಡಿಕೊ. ಅಲ್ಲಿ ಅವರಿಗೆ ಅಲೆ ಬೇಡ, ಬಿರುಗಾಳಿ ಬೇಡ. ಆದರೆ ಸ್ವಲ್ಪ ಮೆಲುಗಾಳಿ ಇರಲಿ ತಂದೆ, ಇಲ್ಲದಿದ್ದರೆ ಅವರಿಗೆ ಬೇಸರವಾದೀತು. ಅವರ ಆತ್ಮ ನಿನ್ನಲ್ಲಿ ನೆಮ್ಮದಿಯಾಗಿರಲಿ."