ಬುರುಜು ನಿಂತಿದೆ

ಸುಬ್ಬು ಶವಪೆಟ್ಟಿಗೆಯಲ್ಲಿದ್ದ ಹೆಂಡತಿಯ ಹಣೆಗೆ ಕುಂಕುಮ ಇಡಲು ಹೋದಾಗ ಅರ್ಧ ಅವಳ ಕೆನ್ನೆಯ ಮೇಲೆ ಉದುರಿತು. ಮಗಳು ಅನಿಕಾ ಟಿಶ್ಯೂ ತೆಗೆದು ಮೆಲ್ಲಗೆ ಒರೆಸಿದಳು. ವುಡ್‌ಬ್ರಿಡ್ಜಿನ ಆ ಫ್ಯೂನರಲ್ ಹೋಮಿನಲ್ಲಿ ಹೂವಿಗಿಂತ ಕಾರ್ಪೆಟ್ಟಿನ ವಾಸನೆಯೇ ಹೆಚ್ಚಾಗಿತ್ತು.

"ಪ್ರತಿ ಸಮ್ಮರ್ ಫ್ರಾನ್ಸಿಗೆ ಹೋಗ್ತಿದ್ರಲ್ಲ ತಾರಿಣಿ," ಎಂದರು ಪಕ್ಕದ ಬೀದಿಯ ರಮಾಮಣಿ. "ಆ ಕೋಟೆ ಏನಾಯ್ತು?"

"ಇದೆ. ನಿಂತಿದೆ," ಎಂದ ಸುಬ್ಬು.

ಅನಿಕಾ ತಲೆಯೆತ್ತಿ ಅಪ್ಪನನ್ನು ನೋಡಿದಳು.

* * *

ತಾರಿಣಿ ಮ್ಯಾನ್‌ಹಟನ್ನಿನಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಆರ್ಕಿಟೆಕ್ಟ್. ರಜೆಗೆಂದು ಹೋದ ಫ್ರೆಂಚ್ ಹಳ್ಳಿಯೊಂದರ ಪುಟ್ಟ ಕೋಟೆ ಅವಳನ್ನು ಹಿಡಿದುಕೊಂಡುಬಿಟ್ಟಿತ್ತು. ರಾಜರು ಯಾರೂ ಆಳಿದ್ದಲ್ಲ. ಸಣ್ಣ ಜಮೀನ್ದಾರನೊಬ್ಬ ಯುದ್ಧಕ್ಕೆ ಹೆದರಿ ಕಟ್ಟಿಸಿದ ದುಂಡು ಬುರುಜು. ಬಾಣ ಬಿಡುವಷ್ಟೇ ಅಗಲದ ಕಿಂಡಿಗಳು. ಕಾಲ ಶಾಂತವಾದ ಮೇಲೆ ಅವನ ವಂಶದವರು ಕಿಂಡಿಗಳನ್ನು ಒಡೆದು ದೊಡ್ಡ ಕಿಟಕಿ ಇಟ್ಟರು. ಫ್ರೆಂಚ್ ಕ್ರಾಂತಿಯ ನಂತರ ಊರಿನವರು ಹಿಂಭಾಗ ಕೆಡವಿ ಆ ಕಲ್ಲಿನಲ್ಲಿ ದನದ ಕೊಟ್ಟಿಗೆ ಕಟ್ಟಿಕೊಂಡರು.

"ಆ ಕಿಟಕಿಗಳಿಂದಲೇ ಗೋಡೆ ಬಿರುಕು ಬಿಟ್ಟಿದ್ದು, ಸುಬ್ಬು," ಎನ್ನುತ್ತಿದ್ದಳು. "ಆದ್ರೂ ಅವರದು ತಪ್ಪು ಅನ್ನಿಸಲ್ಲ. ಕತ್ತಲಲ್ಲಿ ಎಷ್ಟು ದಿನ ಅಂತ ಇರ್ತಾರೆ?"

ಅಕ್ಟೋಬರಿನಲ್ಲಿ, ಬಿರುಕು ಬಿಟ್ಟ ಬುರುಜಿಗೆ ತಾರಿಣಿಯ ಉಸ್ತುವಾರಿಯಲ್ಲಿ ಕಬ್ಬಿಣದ ಪಟ್ಟಿ ಬಿಗಿಸಲು ಹಳ್ಳಿಯವರು ಒಪ್ಪಿದರು. ಆ ತಿಂಗಳೇ ಅವಳ ಕ್ಯಾನ್ಸರ್ ಗೊತ್ತಾಯಿತು.

"ಎರಡೇ ವಾರ ಹೋಗಿಬರ್ತೀನಿ. ಕೀಮೋ ಆಮೇಲೆ ಶುರು ಮಾಡೋಣ."

"ಕಲ್ಲು ಕಾಯುತ್ತೆ, ಇದು ಕಾಯಲ್ಲ," ಎಂದು ಸುಬ್ಬು ಟಿಕೆಟ್ ಕ್ಯಾನ್ಸಲ್ ಮಾಡಿದ.

ಜನವರಿಯಲ್ಲಿ ಬುರುಜು ಕುಸಿಯಿತು. ಸುಬ್ಬುವಿಗೆ ಸುದ್ದಿ ಕೊಟ್ಟವಳು ತಾರಿಣಿಯ ಆಫೀಸಿನ ಗೆಳತಿ ಮಾರ್ಗರೆಟ್. ಆಸ್ಪತ್ರೆಯಲ್ಲಿ ತಾರಿಣಿ ಬುರುಜು ಹೇಗಿದೆ ಎಂದು ಕೇಳಿದಾಗ ಸುಬ್ಬು ಫೋನಿನಲ್ಲಿದ್ದ ಹಳೆಯ ಫೋಟೊ ತೋರಿಸಿದ.

"ಬೆಳಿಗ್ಗೆ ಕಳಿಸಿದಾರೆ. ನಿಂತಿದೆ."

ಅವಳು ಬಹಳ ಹೊತ್ತು ನೋಡಿದಳು. "ಜನವರೀಲೂ ಗೋಡೆ ಮೇಲಿನ ಬಳ್ಳಿ ಇಷ್ಟು ಹಸಿರಾಗಿದೆಯಲ್ಲ."

"ಅಲ್ಲಿ ಈ ಸಲ ಚಳಿ ಕಮ್ಮಿಯಂತೆ."

"ಹೌದಾ," ಎಂದು ನಕ್ಕು ಫೋನ್ ಹಿಂತಿರುಗಿಸಿದಳು. ಮತ್ತೆಂದೂ ಕೇಳಲಿಲ್ಲ.

* * *

ಮಾರ್ಗರೆಟ್ ಬಂದು ಹೂವಿಟ್ಟು ಸುಬ್ಬುವಿನ ಪಕ್ಕ ನಿಂತಳು.

"ಅಪ್ಪ, ಯು ಕ್ಯಾನ್ ಸ್ಟಾಪ್ ನೌ," ಎಂದಳು ಅನಿಕಾ. "ಅಮ್ಮಂಗೆ ಗೊತ್ತಿತ್ತು."

ಅವನಿಗೆ ಅರ್ಥವಾಗಲಿಲ್ಲ. ಮಾರ್ಗರೆಟ್ ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು: ಫೋಟೊ ನೋಡಿದ ದಿನವೇ ತಾರಿಣಿ ಫೋನ್ ಮಾಡಿ ಕೇಳಿದ್ದಳು. ಮಾರ್ಗರೆಟ್‌ಗೆ ಸುಳ್ಳು ಹೇಳಲಾಗಲಿಲ್ಲ. ನನಗೆ ಗೊತ್ತೆಂದು ಸುಬ್ಬುವಿಗೆ ತಿಳಿಸಬೇಡ, ನನ್ನನ್ನು ತಡೆದದ್ದರಿಂದಲೇ ಬುರುಜು ಬಿತ್ತು ಎಂದುಕೊಳ್ಳುತ್ತಾನೆ ಎಂದಿದ್ದಳು ತಾರಿಣಿ.

"ಯು ವುಡ್ ಗೋ ಗೆಟ್ ಕಾಫಿ," ಎಂದಳು ಅನಿಕಾ, "ಅಂಡ್ ಶೀ ವುಡ್ ಕ್ರೈ."

ಕಾಫಿ ಹಿಡಿದು ಮರಳಿದಾಗಲೆಲ್ಲ ಕಂಡ ನಗುಮುಖ ಸುಬ್ಬುವಿನ ಕಣ್ಣೆದುರು ಬಂತು. ಅವನು ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿದ.

"ನನ್ನ ಮುಂದೆ ಅಳಬಹುದಿತ್ತಲ್ಲೇ," ಎಂದ ಅವಳಿಗೆ. "ನನ್ನ ಮುಂದೆ ಯಾಕೆ ಅಳಲಿಲ್ಲ? ತಾರಿಣಿ, ಯಾಕೆ?"

ದನಿ ಏರುತ್ತಾ ಹೋಯಿತು. ಪುರೋಹಿತರು ಮಂತ್ರ ನಿಲ್ಲಿಸಿದರು. ರಮಾಮಣಿ, ಅನಿಕಾ ಇಬ್ಬರೂ ಸೇರಿ ಅವನ ಬೆರಳುಗಳನ್ನು ಬಿಡಿಸಿ ಕುರ್ಚಿಯಲ್ಲಿ ಕೂರಿಸಬೇಕಾಯಿತು. ಪೆಟ್ಟಿಗೆ ಮುಚ್ಚುವವರು ಬಾಗಿಲಲ್ಲಿ ಬಂದು ನಿಂತರು.

"ಬುರುಜು ಬಿದ್ದ ಮೇಲೆ ಹೇಗಿದೆಯಂತೆ?" ಎಂದು ಅವನು ಮಗಳನ್ನು ಕೇಳಿದ. "ತೋರಿಸೋಕೆ ಹೇಳು."

ಮಾರ್ಗರೆಟ್ ಹಿಂಜರಿಯುತ್ತ ಫೋನ್ ಚಾಚಿದಳು. ದುಂಡು ಗೋಡೆಯ ಅರ್ಧ ಮಾತ್ರ ಉಳಿದಿತ್ತು. ಒಳಮೈ ಆಕಾಶಕ್ಕೆ ಬಯಲಾಗಿತ್ತು. ಅಲ್ಲಿ ಎರಡಾಳೆತ್ತರದಲ್ಲಿ, ಕೆಳಗೆ ನೆಲವಿಲ್ಲದೆ, ಯಾರದೋ ಕೋಣೆಯ ಅಗ್ಗಿಷ್ಟಿಕೆಯೊಂದು ಗೋಡೆಗೆ ಅಂಟಿಕೊಂಡಿತ್ತು. ಅದರ ಬಾಯಿ ತುಂಬ ಹಿಮ.